ಅಣ್ಣನ ಕೈ, ತಮ್ಮನ ಕಾಲು

ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಸಾಕು, ಉಳಿದವರೆಲ್ಲ ಅರ್ಧ ಡಾಕ್ಟರಾಗಿಬಿಡುತ್ತೇವೆ. ಒಬ್ಬರು ಹೊದಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊದಿಕೆ ತೆಗೆಯಿರಿ ಎನ್ನುತ್ತಾರೆ. ದೂರದ ಚಿಕ್ಕಪ್ಪ ಫೋನಿನಲ್ಲೇ ನಾಡಿ ನೋಡುತ್ತಾನೆ. ನಗಬೇಡಿ, ನಿಮ್ಮ ಮನೆಯಲ್ಲೂ ಇದೇ, ನಮ್ಮ ಮನೆಯಲ್ಲೂ ಇದೇ. ಎಲ್ಲ ಪ್ರೀತಿಯಿಂದಲೇ ಮಾಡುತ್ತೇವೆ. ಪ್ರೀತಿಯಿಂದಲೇ ಒಮ್ಮೊಮ್ಮೆ ಎಡವುತ್ತೇವೆ ಕೂಡ. ಅದಕ್ಕೇ ಈ ಅಣ್ಣತಮ್ಮಂದಿರ ಕಥೆ ಹೇಳುತ್ತಿದ್ದೇನೆ.

ಇಬ್ಬರೂ ಕ್ಷೌರಿಕರು. ಬಸ್ ನಿಲ್ದಾಣದ ಎದುರಿಗೆ ಒಂದೇ ಕೋಣೆಯ ಅಂಗಡಿ. ಒಂದು ದೊಡ್ಡ ಕನ್ನಡಿ, ಎರಡು ಕುರ್ಚಿ, ಹಿಂದೆ ಕಾಯುವವರಿಗೆ ಒಂದು ಬೆಂಚು. ಅಣ್ಣನ ಕತ್ತರಿಗಿಂತ ಅವನ ಬೆರಳುಗಳಿಗೇ ಹೆಸರು ಹೆಚ್ಚು. ತಲೆನೋವೆಂದು ಬಂದವರು ಅವನ ಕೈಕೆಳಗೆ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಕುತ್ತಿಗೆ ಹಿಡಿದುಕೊಂಡ ಬಸ್ ಡ್ರೈವರುಗಳು ಊಟ ಬಿಟ್ಟಾದರೂ ಅವನ ಹತ್ತಿರ ಬರುತ್ತಿದ್ದರು. ತಮ್ಮ ಇನ್ನೂ ಚಿಕ್ಕವನಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅಂದಿನಿಂದ ಅವನನ್ನು ಎತ್ತಿ ಆಡಿಸಿದ್ದು, ಬೆಳೆಸಿದ್ದು, ಕೆಲಸ ಕಲಿಸಿದ್ದು ಎಲ್ಲ ಅಣ್ಣನೇ. ಈಗ ತಮ್ಮನಿಗೆ ಮೀಸೆ ದಟ್ಟವಾಗಿ ಬಂದಿದ್ದರೂ ಅಣ್ಣನ ಕಣ್ಣಿಗೆ ಅವನಿನ್ನೂ ಕೂಸೇ.

ಒಂದು ಬೆಳಿಗ್ಗೆ ತಮ್ಮ ಹೊಟ್ಟೆ ಹಿಡಿದುಕೊಂಡು ಅಂಗಡಿಯಲ್ಲೇ ಕುಸಿದ. ಕರುಳು ತಿರುಚಿಕೊಂಡಿತ್ತು. ಅಂದೇ ಆಪರೇಷನ್ ಆಯಿತು. ಹೊಟ್ಟೆಯ ಮೇಲೆ ಉದ್ದದ ಹೊಲಿಗೆ ಬಿತ್ತು. ಅಣ್ಣ ಅಂಗಡಿಗೆ ಬೀಗ ಹಾಕಿ ವಾರ್ಡಿಗೆ ಬಂದವನು ತಮ್ಮನ ಮಂಚದ ಪಕ್ಕದ ಸ್ಟೂಲಿನಿಂದ ಅಲ್ಲಾಡಲಿಲ್ಲ. ತಮ್ಮನನ್ನೂ ಅಲ್ಲಾಡಲು ಬಿಡಲಿಲ್ಲ.

"ಮಿಸುಕಾಡ್ಬೇಡ್ವೋ, ಹೊಲಿಗೆ ಬಿಚ್ಕೊಂಡ್ಬಿಟ್ರೆ ಏನ್ಮಾಡೋದು?"

"ಬರೀ ಪಕ್ಕಕ್ಕೆ ತಿರುಗ್ತಾ ಇದೀನಿ ಅಣ್ಣ."

"ಯಾಕೆ ತಿರುಗ್ಬೇಕು? ಆ ಕಡೆ ಏನಿದೆ ನೋಡೋಕೆ? ಗೋಡೆ ತಾನೇ!"

ಆ ವಾರ್ಡಿಗೆ ಹೊಸದಾಗಿ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಬಂದಿದ್ದಳು. ಆಪರೇಷನ್ ಆದ ಮೇಲೆ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕಾಲೇಜಿನಲ್ಲಿ ಓದಿ, ರಬ್ಬರ್ ಗೊಂಬೆಯ ಮೇಲೆ ಅಭ್ಯಾಸ ಮಾಡಿ ಬಂದವಳು. ಗೊಂಬೆ ಹೇಳಿದ ಮಾತು ಕೇಳುತ್ತದೆ. ಗೊಂಬೆಗೆ ಅಣ್ಣನೂ ಇರುವುದಿಲ್ಲ. ಇಲ್ಲಿ ಅವಳು ಮಂಚದ ಹತ್ತಿರ ಬಂದು ಮೆಲ್ಲನೆ ಹೇಳಿದಳು.

"ಎದ್ದು ಕೂರೋಣ್ವಾ? ಆಮೇಲೆ ಹಿಡ್ಕೊಂಡು ಸ್ವಲ್ಪ ನಡೆಯೋಣ. ಡಾಕ್ಟ್ರು ಹೇಳಿದಾರೆ."

ಅಣ್ಣ ಅಡ್ಡ ನಿಂತ. "ಹೊಟ್ಟೆ ಕೊಯ್ದಿದಾರಮ್ಮ. ಕೊಯ್ದ ಹೊಟ್ಟೆ ಇಟ್ಕೊಂಡು ನಡೆಯೋದಾ? ನಿನ್ನ ವಯಸ್ಸಿಗಿಂತ ನನ್ನ ಕತ್ತರಿಗೇ ವಯಸ್ಸು ಜಾಸ್ತಿ. ಹೋಗು, ನಾಳೆ ನೋಡೋಣ."

ಹುಡುಗಿಯ ಮುಖ ಸಣ್ಣದಾಯಿತು. "ಮಲಗಿದ್ದಲ್ಲೇ ಪಾದನಾದ್ರೂ ಆಡಿಸ್ಲಿ ಅಣ್ಣ, ಬ್ರೇಕ್ ತುಳಿದ ಹಾಗೆ, ಮೇಲೆ ಕೆಳಗೆ" ಎಂದು ಕಾಲಿನ ಹತ್ತಿರ ನಿಂತು ತೋರಿಸಿಕೊಟ್ಟಳು. ತಮ್ಮ ನಾಲ್ಕು ಸಲ ಆಡಿಸಿದ. ಅವಳು ಆಚೆ ಹೋದದ್ದೇ ತಡ, ಅಣ್ಣ ಅವನ ಪಾದದ ಮೇಲೆ ಹೊದಿಕೆ ಎಳೆದು, "ಸಾಕು, ಸುಸ್ತಾಗುತ್ತೆ" ಎಂದುಬಿಟ್ಟ.

ಮರುದಿನ ವಾರ್ಡಿನ ಹಿರಿಯ ಸಿಸ್ಟರ್ ಬೇರೆ ಕಡೆ ಕೆಲಸದಲ್ಲಿದ್ದರು. ವಿದ್ಯಾರ್ಥಿನಿಯೊಬ್ಬಳೇ ಬಂದು, "ಇವತ್ತು ನಡೆದ್ರಾ?" ಎಂದು ಕೇಳಿದಳು. ಅಣ್ಣನಿಗೆ ಒಂದು ಉಪಾಯ ಹೊಳೆದಿತ್ತು.

"ಓ, ಆಗ್ಲೇ ನಡೆದನಲ್ಲ! ಬಾಗಿಲವರೆಗೂ ಹೋಗಿ ಬಂದ. ಈಗ ತಾನೇ ಮಲಗಿಸ್ದೆ."

ತಮ್ಮ ಅಣ್ಣನ ಮುಖ ನೋಡಿದ. ಅಣ್ಣ ಕಣ್ಣು ಮಿಟುಕಿಸಿದ. ಹುಡುಗಿ ನಂಬಿದಳು. ನಂಬದಿರಲು ಅವಳಿಗೂ ಧೈರ್ಯವಿರಲಿಲ್ಲ ಎನ್ನಿ. ರೋಗಿ ನಡೆದಾಡಿದ್ದಾರೆ ಎಂದು ಹೋಗಿ ಹಿರಿಯ ಸಿಸ್ಟರಿಗೆ ಹೇಳಿದಳು. ತಮ್ಮನಿಗೆ ವಿಶ್ರಾಂತಿ ಕೊಡಿಸಿದೆ ಎಂದು ಅಣ್ಣ ಒಳಗೊಳಗೇ ಖುಷಿಪಟ್ಟ.

ಅದರ ಮಾರನೆಯ ಮಧ್ಯಾಹ್ನ ತಮ್ಮ ಮುಖ ಹಿಂಡಿಕೊಂಡು, "ಅಣ್ಣ, ಎಡಗಾಲು ಯಾಕೋ ನೋಯ್ತಿದೆ. ಮೀನಖಂಡ ಹಿಡ್ಕೊಂಡ ಹಾಗಿದೆ" ಎಂದ.

ಅಣ್ಣನ ಮುಖದಲ್ಲಿ ಕಳೆ ಬಂತು. ತಪ್ಪು ತಿಳಿಯಬೇಡಿ. ಇಷ್ಟು ದಿನ ಆ ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಅವನ ಜೀವ ಬೆಂದುಹೋಗಿತ್ತು. ಹೊಟ್ಟೆ ಡಾಕ್ಟರದ್ದು, ಔಷಧಿ ಸಿಸ್ಟರದ್ದು, ಅವನ ಪಾಲಿಗೆ ಏನೂ ಇರಲಿಲ್ಲ. ಕಾಲು ನೋವು ಅವನ ಕೈಯ ಕೆಲಸ. ಅಂಗಡಿಯಿಂದ ತಂದಿದ್ದ ಎಣ್ಣೆಯ ಶೀಶೆ ತೆಗೆದ. ಅಂಗೈಗೆ ಹಾಕಿಕೊಂಡು ಉಜ್ಜಿ ಬಿಸಿ ಮಾಡಿದ.

"ಅಷ್ಟೇ ತಾನೇ? ಮಲಗಿ ಮಲಗಿ ಜೋಮು ಹಿಡಿದಿದೆ. ಈಗ ನೋಡು, ಬೆಣ್ಣೆ ತರ ಮಾಡ್ಬಿಡ್ತೀನಿ."

ಪ್ಯಾಂಟು ಮೊಣಕಾಲವರೆಗೆ ಸರಿಸಿ, ಮೀನಖಂಡದ ಮೇಲೆ ಹೆಬ್ಬೆರಳಿಟ್ಟು ಒಂದು ಸಲ ನೀವಿದ. ಎರಡನೇ ಸಲಕ್ಕೆ ಕೈ ಎತ್ತಿದ.

"ಅಣ್ಣಾ, ಕೈ ತೆಗೀರಿ! ಉಜ್ಜಬೇಡಿ!"

ಜ್ವರ ನೋಡಲು ಬರುತ್ತಿದ್ದ ವಿದ್ಯಾರ್ಥಿನಿ ಬಾಗಿಲಿನಿಂದಲೇ ಕೂಗಿದ್ದಳು. ಇಡೀ ವಾರ್ಡು ತಿರುಗಿ ನೋಡಿತು. ಅಷ್ಟು ಗಟ್ಟಿಯಾಗಿ ಕೂಗಿದ್ದಕ್ಕೆ ಅವಳಿಗೇ ಗಾಬರಿಯಾಗಿತ್ತು. ಅಣ್ಣ ಕೈ ಗಾಳಿಯಲ್ಲೇ ಹಿಡಿದು ನಿಂತ. ಕೈ ತೆಗೆಯಿರಿ ಎಂಬ ಮಾತನ್ನು ಅವನು ಜನ್ಮದಲ್ಲೇ ಕೇಳಿರಲಿಲ್ಲ.

"ಏನಮ್ಮ ಇದು? ನನ್ನ ತಮ್ಮನ ಕಾಲು ನಾನು ಮುಟ್ಟಬಾರ್ದಾ?"

"ಹಾಗಲ್ಲ ಅಣ್ಣ." ಅವಳು ಓಡಿ ಬಂದು ಇನ್ನೊಂದು ಕಾಲಿನ ಪ್ಯಾಂಟನ್ನೂ ಸರಿಸಿದಳು. "ಎರಡೂ ಕಾಲು ಜೊತೇಲಿ ನೋಡಿ. ಎಡಗಾಲು ದಪ್ಪ ಇದೆ, ಕೆಂಪಗೂ ಇದೆ. ಕೈಯ ಹಿಂಭಾಗದಿಂದ ಮೆಲ್ಲಗೆ ಮುಟ್ಟಿ ನೋಡಿ. ಒತ್ತಬೇಡಿ."

ಅಣ್ಣ ಮುಟ್ಟಿದ. ಬಲಗಾಲು ತಣ್ಣಗಿತ್ತು. ಎಡಗಾಲು ಬೆಚ್ಚಗಿತ್ತು. ಸಾವಿರಾರು ಜನರ ಮೈಮುಟ್ಟಿದ ಕೈ ಅದು, ಇಲ್ಲಿ ಏನೋ ಸರಿಯಿಲ್ಲ ಎಂದು ಅದಕ್ಕೆ ತಕ್ಷಣ ತಿಳಿಯಿತು.

ಹುಡುಗಿ ತಮ್ಮನನ್ನು ಅಲ್ಲಾಡದೆ ಮಲಗಿರಲು ಹೇಳಿ, ಎದೆ ನೋಯುತ್ತಿದೆಯೇ, ಉಸಿರು ಕಟ್ಟಿದಂತಾಗುತ್ತಿದೆಯೇ ಎಂದು ಕೇಳಿದಳು. ಹಾಗೇನೂ ಇಲ್ಲವೆಂದ. ಹಿರಿಯ ಸಿಸ್ಟರನ್ನು ಕರೆತಂದಳು. ಸಿಸ್ಟರ್ ನೋಡಿ ಡಾಕ್ಟರಿಗೆ ಫೋನ್ ಮಾಡಿದರು. ತಮ್ಮನನ್ನು ಸ್ಟ್ರೆಚರಿನಲ್ಲಿ ಸ್ಕ್ಯಾನ್ ಕೋಣೆಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಅಣ್ಣ ಎಣ್ಣೆಗೈ ಹಾಗೇ ಇಟ್ಟುಕೊಂಡು ಕೂತಿದ್ದ. ಒರೆಸಿಕೊಳ್ಳಬೇಕೆಂಬುದೂ ಅವನಿಗೆ ಹೊಳೆದಿರಲಿಲ್ಲ. ಹಿರಿಯ ಸಿಸ್ಟರ್ ಪಕ್ಕದಲ್ಲಿ ಬಂದು ಕೂತರು.

"ಏನಾಗಿದೆ ಸಿಸ್ಟರ್ ನನ್ನ ತಮ್ಮಂಗೆ? ಕಾಲು ನೋವಿಗೆ ಇಷ್ಟೆಲ್ಲಾನಾ?"

"ನೋಡಿ, ನಾವು ನಡೆದಾಗ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮೇಲಕ್ಕೆ ತಳ್ಳುತ್ತೆ. ಆಪರೇಷನ್ ಆಗಿ ಅಲ್ಲಾಡ್ದೆ ಮಲಗಿದ್ರೆ ರಕ್ತ ನಿಧಾನವಾಗುತ್ತೆ, ಕಾಲಲ್ಲಿ ಹೆಪ್ಪುಗಟ್ಟಿ ಗಡ್ಡೆ ಆಗಬಹುದು. ಆ ಗಡ್ಡೆ ಇರೋ ಕಾಲನ್ನ ಉಜ್ಜಿದ್ರೆ, ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಆಗ ಉಸಿರೇ ನಿಲ್ಲುತ್ತೆ."

ಅಣ್ಣ ತನ್ನ ಎರಡೂ ಕೈಗಳನ್ನು ನೋಡಿಕೊಂಡ.

"ಒಂದ್ಸಲ ನೀವಿದೆ ಸಿಸ್ಟರ್. ಒಂದೇ ಸಲ. ಅಷ್ಟರಲ್ಲಿ ಆ ಮಗು ಕೂಗ್ತು." ತಲೆಯೆತ್ತಿ ಸಿಸ್ಟರ್ ಮುಖ ನೋಡಿದ. "ಇನ್ನೊಂದು ಮಾತು. ಅವನು ನಡೀಲೇ ಇಲ್ಲ. ನಾನೇ ಸುಳ್ಳು ಹೇಳ್ದೆ. ನೋವಾಗುತ್ತೆ ಅಂತ ಏಳೋಕೇ ಬಿಡ್ಲಿಲ್ಲ."

ಸಿಸ್ಟರ್ ಬೈಯಲಿಲ್ಲ. ಒದ್ದೆ ಬಟ್ಟೆ ತರಿಸಿ ಅವನ ಕೈಗೆ ಕೊಟ್ಟರು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಹುಡುಗಿಯತ್ತ ತಿರುಗಿದರು.

"ಇವರು ನಡೆದ್ರು ಅಂದ್ಯಲ್ಲ, ನೀನು ನೋಡಿದ್ಯಾ?"

"ಇಲ್ಲ ಮೇಡಂ. ಅಣ್ಣ ಹೇಳಿದ್ರು."

"ಕಾಲು ನೋಡಿದ್ಯಾ?"

ಅವಳು ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಸಿಸ್ಟರ್ ಅವಳ ಹೆಗಲ ಮೇಲೆ ಕೈಯಿಟ್ಟರು.

"ಇವತ್ತು ನೋಡ್ದೆ, ಕೂಗಿದೆ. ಒಳ್ಳೇದಾಯ್ತು. ಇನ್ಮೇಲೆ ದಿನಾ ನೋಡು. ಮನೆಯವರು ಬೈತಾರೆ ಅಂತ ರೋಗಿ ಹತ್ರ ಹೋಗೋದು ಬಿಡ್ಬೇಡ. ಅವರು ಬೈಯೋದು ಹೆದರಿಕೆಯಿಂದ. ಆ ಹೆದರಿಕೆಗೂ ನಾವೇ ಔಷಧಿ ಕೊಡ್ಬೇಕು."

"ಬೈದಿದ್ದು ನಾನು, ಅವಳನ್ಯಾಕೆ ಅಳಿಸ್ತೀರಾ ಸಿಸ್ಟರ್?" ಎಂದು ಅಣ್ಣ ಎದ್ದೇ ನಿಂತ. ಈಗ ಅವಳೂ ಅವನ ಕಣ್ಣಿಗೆ ಮನೆಮಗಳಾಗಿದ್ದಳು.

ಬಾಗಿಲು ತೆರೆಯಿತು. ಗಡ್ಡೆ ಇರುವುದು ನಿಜ, ಆದರೆ ಇದ್ದಲ್ಲೇ ಇದೆ ಎಂದು ಡಾಕ್ಟರು ಹೇಳಿದರು. ಅದು ಬೆಳೆಯದಂತೆ ತಡೆಯುವ ಇಂಜೆಕ್ಷನ್ ಅಂದೇ ಶುರುವಾಯಿತು. ಗಡ್ಡೆ ಮೆಲ್ಲಮೆಲ್ಲನೆ ಕರಗಬೇಕು, ಆ ಔಷಧಿ ಇರುವಷ್ಟು ಕಾಲ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಜೋಪಾನ ಎಂದರು.

"ಅಂದ್ರೆ ಬ್ಲೇಡ್ ಶೇವಿಂಗ್ ಕೂಡ ಬೇಡ" ಎಂದಳು ಹುಡುಗಿ.

"ನಾನು ಮಾಡಿದ್ರೂನಾ? ನನ್ನ ಕೈಲಿ ಇದುವರೆಗೆ ಒಬ್ರಿಗೂ ಒಂದು ಗೀರು ಬಿದ್ದಿಲ್ಲ!"

"ನೀವು ಮಾಡಿದ್ರೂನೂ."

"ಸರಿ ಬಿಡು. ಕ್ಷೌರದಂಗಡಿಯವನಿಗೇ ಗಡ್ಡ! ಗಿರಾಕಿಗಳು ಓಡಿಹೋಗ್ತಾರೆ" ಎಂದು ಅಣ್ಣ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ.

ವಾರ್ಡಿಗೆ ಮರಳಿದ ಮೇಲೆ ತಮ್ಮ ಹಾಸಿಗೆಯ ಮೇಲಿಂದ ಅಣ್ಣನ ಕೈ ಹಿಡಿದುಕೊಂಡ. "ಅಣ್ಣ, ಬೈಯಲ್ಲ ತಾನೇ? ಕಾಲು ನಿನ್ನೆಯಿಂದಲೇ ನೋಯ್ತಿತ್ತು. ನಿಂಗೆ ಗಾಬರಿಯಾಗುತ್ತೆ ಅಂತ ಹೇಳ್ಲಿಲ್ಲ."

ತಮ್ಮನಿಗೆ ನೋವಾಗದಿರಲಿ ಎಂದು ಅಣ್ಣ ಸುಳ್ಳು ಹೇಳಿದ್ದ, ಅಣ್ಣನಿಗೆ ಗಾಬರಿಯಾಗದಿರಲಿ ಎಂದು ತಮ್ಮ ನೋವು ಮುಚ್ಚಿಟ್ಟಿದ್ದ. ಇಬ್ಬರೂ ಸೇರಿ ಎಂಥ ಕೆಲಸ ಮಾಡಿಕೊಂಡಿದ್ದರು ನೋಡಿ.

ಡಾಕ್ಟರು ಸರಿ ಎಂದ ಮೇಲೆ ನಡಿಗೆ ಶುರುವಾಯಿತು. ಹುಡುಗಿ ಅಣ್ಣನಿಗೇ ಪಾಠ ಮಾಡಿದಳು. ತಮ್ಮ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು ಕೂರಬೇಕು. ತಲೆ ಸುತ್ತುವುದು ನಿಂತ ಮೇಲೆಯೇ ಏಳಬೇಕು. ಕೆಮ್ಮು ಬಂದರೆ ಹೊಲಿಗೆಯ ಮೇಲೆ ದಿಂಬು ಅದುಮಿಕೊಂಡು ಕೆಮ್ಮಬೇಕು. ಅಣ್ಣ ಎಳೆಯಬಾರದು, ಎತ್ತಬಾರದು, ಪಕ್ಕದಲ್ಲಿ ಒತ್ತಿ ನಿಂತು ಸೊಂಟದ ಹತ್ತಿರ ಆಸರೆ ಕೊಡಬೇಕು.

ತಮ್ಮ ಎದ್ದು ನಿಂತ. ನೋವಿಗೆ ಹಲ್ಲು ಕಚ್ಚಿದ. "ಸಾಕು, ಮಲಗು" ಎಂಬ ಮಾತು ಅಣ್ಣನ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಕಿಟಕಿಯವರೆಗೆ ಹೋದರು, ಬಂದರು. ಸಂಜೆಗೆ ಬಾಗಿಲು ದಾಟಿದರು. ಹಾಗೇ ಮೂರ್ನಾಲ್ಕು ದಿನ ಕಳೆದ ಮೇಲೆ ವರಾಂಡದ ನಡುವೆ ತಮ್ಮ, "ಅಣ್ಣ, ಬಿಡು, ನಾನೊಬ್ಬನೇ ನೋಡ್ತೀನಿ" ಎಂದ.

ಅಣ್ಣ ಹುಡುಗಿಯ ಮುಖ ನೋಡಿದ. ಅವಳು ಬಿಡಿ ಎಂದು ತಲೆಯಾಡಿಸಿ, ತಾನು ಒಂದು ಹೆಜ್ಜೆ ಹಿಂದೆಯೇ ನಡೆದಳು.

ಅಣ್ಣ ಬಿಟ್ಟ. ತಮ್ಮ ಮೆಲ್ಲಗೆ ಮುಂದೆ ಹೋದ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಣ್ಣ ಅಲ್ಲೇ ನಿಂತು ನೋಡಿದ. ಇಷ್ಟು ವರ್ಷದಲ್ಲಿ ಅವನ ಕೈ ಮಾಡಿದ ಕೆಲಸಗಳಲ್ಲೆಲ್ಲ ಇದೇ ಕಷ್ಟದ್ದು. ತಮ್ಮ ವರಾಂಡದ ಆ ತುದಿ ಮುಟ್ಟಿ, ತಿರುಗಿ, ಗಡ್ಡದೊಳಗೇ ನಕ್ಕ.

ಬಂಧುಗಳೇ, ಅಮ್ಮಂದಿರೇ, ಅಕ್ಕಂದಿರೇ, ನಿಮ್ಮವರಿಗೂ ಎಂದಾದರೂ ಆಪರೇಷನ್ ಆಗಬಹುದು. ಸಿಸ್ಟರ್ ಬಂದು "ಏಳಿ, ನಡೆಯಿರಿ" ಎಂದರೆ ಅದು ಹಿಂಸೆಯಲ್ಲ, ಚಿಕಿತ್ಸೆಯೇ. ಅಡ್ಡ ನಿಲ್ಲಬೇಡಿ, ಹೇಗೆ ಹಿಡಿದುಕೊಳ್ಳಬೇಕು ಎಂದು ಕೇಳಿ ಕಲಿಯಿರಿ. ನಡೆಯದಿದ್ದರೆ ನಡೆದಿಲ್ಲ ಎಂದೇ ಹೇಳಿ. ಒಂದು ಕಾಲು ಮಾತ್ರ ಊದಿಕೊಂಡರೆ, ಬಿಸಿಯಾದರೆ, ನೋಯುತ್ತಿದ್ದರೆ ಉಜ್ಜಬೇಡಿ, ಒತ್ತಬೇಡಿ, ಆ ಕ್ಷಣವೇ ತಿಳಿಸಿ. ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟವಾದರೆ, ಎದೆ ನೋವು ಬಂದರೆ ಯಾರಿಗೂ ಕಾಯದೆ ಕೂಗಿ ಕರೆಯಿರಿ. ಮನೆಗೆ ಬಂದ ಮೇಲೆ ಹೀಗಾದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಾಸಿಗೆಯಲ್ಲಿರುವವರೇ, ಮನೆಯವರಿಗೆ ಬೇಜಾರಾಗುತ್ತದೆ ಎಂದು ನೋವು ಮುಚ್ಚಿಡಬೇಡಿ. ಹೊಸದಾಗಿ ಕಲಿಯುತ್ತಿರುವ ಹುಡುಗಿ ಬಂದು ಕಾಲು ತೋರಿಸಿ ಎಂದರೆ, ಚಿಕ್ಕವಳೆಂದು ಅಟ್ಟಬೇಡಿ. ತೋರಿಸಿ.

ನಿಮ್ಮವರ ಮೈಮೇಲೆ ನಿಮಗಿರುವಷ್ಟು ಅಕ್ಕರೆ ಇನ್ಯಾರಿಗೂ ಇಲ್ಲ. ಅದಕ್ಕೇ ಕೈಮುಗಿದು ಕೇಳುತ್ತೇನೆ: ಮುಟ್ಟುವ ಮೊದಲು ಒಂದು ಮಾತು ಕೇಳಿ.