ತಲೆಗೆ ಇಷ್ಟು

ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಒಂದು ಕರಿಹಲಗೆ ಇದೆ. ಯಾವ ಮನೆ ಎಷ್ಟು ಕರೆಂಟು ಸುಟ್ಟಿತು, ಅದರಿಂದ ತಲೆಗೆ ಎಷ್ಟು ಕಿಲೋ ಇಂಗಾಲ ಗಾಳಿಗೆ ಸೇರಿತು ಎಂದು ಪ್ರತಿ ತಿಂಗಳೂ ಅದರ ಮೇಲೆ ಬರೆಯುತ್ತಾರೆ. ಲೆಕ್ಕ ನಿವೃತ್ತ ಮೇಷ್ಟ್ರದು. ಹಗಲಲ್ಲಿ ದೀಪ ಉರಿಯುವುದು ಕಂಡರೆ ಅವರು ಆರಿಸದೆ ಮುಂದೆ ಹೋಗುವುದಿಲ್ಲ. ಮಕ್ಕಳು ಅವರನ್ನು ಸ್ವಿಚ್ ತಾತ ಎನ್ನುತ್ತಾರೆ.

ಕೆಲವು ತಿಂಗಳಿಂದ ಎಲ್ಲರಿಗಿಂತ ಕಡಿಮೆ ಸುಟ್ಟು ನನ್ನ ಮನೆಯೇ ಮೊದಲು. ನನ್ನ ಮನೆಯ ಸಾಲಿನಲ್ಲಿ ತಲೆ ಎರಡು ಎಂದಿದೆ. ನನ್ನ ಗಂಡ ಹೋಗಿದ್ದು ಕಳೆದ ಚಳಿಗಾಲದಲ್ಲಿ. ಅದು ಕಟ್ಟಡದ ಹಳಬರಿಗೆಲ್ಲ ಗೊತ್ತು. ಮೇಷ್ಟ್ರೇ ಹೆಗಲು ಕೊಟ್ಟಿದ್ದರು. ಆದರೂ ಆ ಎರಡನ್ನು ಅಳಿಸಿ ಒಂದು ಮಾಡಲು ಯಾರ ಕೈಯೂ ಏಳಲಿಲ್ಲ. ದಾಕ್ಷಿಣ್ಯ. ನಾನು ಸಂಖ್ಯಾಶಾಸ್ತ್ರ ಓದಿದವಳು. ಭಾಗಾಕಾರ ತಪ್ಪಿದೆ ಎಂದು ತಿಳಿಯಲು ಅಷ್ಟು ಓದು ಬೇಕಿರಲಿಲ್ಲ. ಕೆಲಸಕ್ಕೆ ಹೋಗುವಾಗ ಆ ಎರಡನ್ನು ಒಮ್ಮೆ ನೋಡಿಕೊಂಡು ಹೋಗುತ್ತಿದ್ದೆ.

ಈ ತಿಂಗಳು ಸಂಘದವರು ಹೊಸ ನಿಯಮಕ್ಕೆ ಹೊರಟರು. ಮೊದಲ ಮನೆಯೇ ಅಳತೆಗೋಲು. ತಲೆಲೆಕ್ಕ ಅದರ ದುಪ್ಪಟ್ಟು ದಾಟಿದ ಮನೆಗೆ ಸಂಜೆಯ ಬಿಸಿನೀರು ಬಂದ್. ಬಿಸಿನೀರು ಮಹಡಿಯ ಮೇಲಿನ ಒಂದೇ ಟ್ಯಾಂಕಿನಿಂದ ಎಲ್ಲರಿಗೂ ಬರುವುದರಿಂದ, ಆ ಮನೆಯ ಕೊಳವೆಯ ಒಂದು ತಿರುಪು ತಿರುಗಿಸಿದರೆ ಆಯಿತು. ಭಾನುವಾರದ ಸಭೆಯಲ್ಲಿ ತೀರ್ಮಾನ.

ದುಪ್ಪಟ್ಟು ದಾಟಿದ್ದು ಒಂದೇ ಮನೆ, ನನ್ನ ಕೆಳಗಿನದು. ಅಲ್ಲಿ ಗಂಡ, ಬಾಣಂತಿ, ಎಳೆಗೂಸು. ಈಚೆಗೆ ಬಾಡಿಗೆಗೆ ಬಂದವರು. ಶನಿವಾರ ಮೆಟ್ಟಿಲ ಮೇಲೆ ಅವಳು ಸಿಕ್ಕಳು. ಹೆಗಲಿಗೆ ಮಗು ಒರಗಿತ್ತು, ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು. ಮಗುವನ್ನು ಮೇಷ್ಟ್ರು ಅರ್ಧ ತಲೆ ಎಂದು ಹಿಡಿದಿದ್ದಾರಂತೆ.

“ಅಳೋದು ಮಾತ್ರ ಎರಡು ತಲೆಯಷ್ಟು, ಅಕ್ಕ,” ಎಂದಳು. ಆಮೇಲೆ ದನಿ ಇಳಿಯಿತು. “ನೀವು ಹೇಗೆ ಮಾಡ್ತೀರಿ? ನಂಗೂ ಹೇಳಿಕೊಡಿ. ಸಂಜೆ ನೀರು ನಿಲ್ಲಿಸಿದ್ರೆ ಈ ಕೂಸನ್ನ ತಣ್ಣೀರಲ್ಲಿ ತೊಳೀಬೇಕು. ಒಲೆ ಮೇಲೆ ಕಾಯಿಸೋಣ ಅಂದ್ರೆ ನಮ್ದು ಕರೆಂಟ್ ಒಲೆ, ಮತ್ತೆ ಅದೇ ಹಲಗೆಗೆ ಏರುತ್ತೆ.”

ಮಿತವಾಗಿ ಬಳಸುತ್ತೇವೆ ಎಂದೆ. ಬಳಸುತ್ತೇವೆ ಎಂದೇ ಬಾಯಿಗೆ ಬಂತು.

“ನಿಮ್ಮ ಮನೆಯವರು ಊರಲ್ಲಿಲ್ವಾ? ಒಂದಿನಾನೂ ಕಂಡಿಲ್ಲ.”

ಇಲ್ಲ ಎಂದೆ.

ಭಾನುವಾರ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರಿದರು. ಮೇಷ್ಟ್ರು ಹಲಗೆಗೆ ಬೆನ್ನು ಕೊಟ್ಟು ನಿಂತು, ಒಬ್ಬೊಬ್ಬರು ಉಳಿಸಿದ ಚೂರೂ ಭೂಮಿಗೆ ಲಾಭ ಎಂದರು. ಈ ಮನೆ ನೋಡಿ ಕಲೀರಿ ಎಂದು ನನ್ನ ಸಾಲಿನ ಮೇಲೆ ಬೆರಳಿಟ್ಟರು. ನನ್ನ ಕಡೆ ನೋಡಲಿಲ್ಲ. ಹಲಗೆಯಲ್ಲಿ ನನ್ನ ಕೆಳಗಿನ ಸಾಲಿನ ದರ್ಜಿಯ ಹೆಂಡತಿ ಸೆರಗಿನ ತುದಿ ತಿರುಚುತ್ತಿದ್ದಳು. ಬಾಣಂತಿ ಏನೋ ಹೇಳಲು ಹೋಗಿ, ಮಗು ಅತ್ತದ್ದರಿಂದ ಬಿಟ್ಟಳು. ನಿಯಮಕ್ಕೆ ಒಪ್ಪುವವರು ಕೈ ಎತ್ತಬೇಕು ಎಂದರು ಮೇಷ್ಟ್ರು.

ನಾನು ಎದ್ದು ನಿಂತೆ.

“ಮೇಷ್ಟ್ರೇ, ನಮ್ಮನೆ ಲೆಕ್ಕ ತಪ್ಪಿದೆ. ಎರಡಲ್ಲ, ಒಂದು.”

ಹಳಬರೆಲ್ಲ ನೆಲ ನೋಡಿದರು. ಬಾಣಂತಿ ಮಾತ್ರ, ಅರ್ಥವಾಗದೆ, ನನ್ನನ್ನೇ ನೋಡುತ್ತಿದ್ದಳು. ಅವಳಿಗಾಗಿ ಇನ್ನೊಂದು ವಾಕ್ಯ ಹೇಳಬೇಕಾಯಿತು.

“ಅವರು ತೀರಿಕೊಂಡಿದ್ದಾರೆ.”

ಮೇಷ್ಟ್ರು ಹೆಬ್ಬೆರಳಿನಿಂದ ಎರಡನ್ನು ಉಜ್ಜಿದರು. ಪೂರ್ತಿ ಹೋಗಲಿಲ್ಲ, ಅದರ ಮೇಲೆಯೇ ಒಂದು ಎಂದು ಬರೆದರು. ಮತ್ತೆ ಲೆಕ್ಕಕ್ಕೆ ಕುಳಿತರು. ದರ್ಜಿಯ ಮನೆ ಮೊದಲಾಯಿತು. ಅಳತೆಗೋಲು ಮೇಲೇರಿತು, ಬಾಣಂತಿಯ ಮನೆ ಅದರ ದುಪ್ಪಟ್ಟಿನೊಳಗೇ ಉಳಿಯಿತು. ಮೇಲಿದ್ದ ನಾನು ಇಳಿದಿಳಿದು ಅವಳಿಗಿಂತ ಒಂದೇ ಸಾಲು ಮೇಲೆ ನಿಂತೆ.

ಲೆಕ್ಕಕ್ಕೆ ಇಳಿದರೆ ಮೇಷ್ಟ್ರಿಗೆ ಬೇರೆ ಏನೂ ನೆನಪಿರುವುದಿಲ್ಲ.

“ಹಾಗಾದ್ರೆ ದುಂದು ನಿಮ್ದೂ ಇದೆ ಕಣಮ್ಮ. ಒಬ್ಬಳಿಗೆ ಅಷ್ಟು ದೊಡ್ಡ ಫ್ರಿಜ್ಜು ಯಾಕೆ? ಒಂಟಿ ಮನೆ ಯಾವತ್ತೂ ತಲೆಗೆ ಹೆಚ್ಚೇ ಸುಡುತ್ತೆ.”

ದರ್ಜಿಯ ಹೆಂಡತಿ ಅವರನ್ನು ಸುಮ್ಮನಿರಿಸಲು ಕೆಮ್ಮಿದಳು. ನನಗೇನೂ ಬೇಸರವಾಗಲಿಲ್ಲ. ಚಳಿಗಾಲದಿಂದ ಈಚೆಗೆ ಯಾರೂ ನನ್ನೊಡನೆ ದನಿ ತಗ್ಗಿಸದೆ ಮಾತಾಡಿರಲಿಲ್ಲ.

ಸಂಜೆ ಬಾಣಂತಿ ಮಗುವನ್ನೆತ್ತಿಕೊಂಡು ಮೇಲೆ ಬಂದಳು. ಸಮಾಧಾನ ಹೇಳುತ್ತಾಳೇನೋ ಎಂದು ಬಾಗಿಲಲ್ಲೇ ನಿಂತೆ. ಅವಳು ಹೇಳಲಿಲ್ಲ.

“ನಮ್ಮ ಫ್ರಿಜ್ಜಲ್ಲಿ ಒಂದು ಖಾನೆ ಪೂರ್ತಿ ಖಾಲಿ ಇದೆ, ಅಕ್ಕ. ನಿಮ್ದು ಅಲ್ಲೇ ಇಟ್ಕೊಳ್ಳಿ. ಸ್ವಿಚ್ ತಾತಂಗೂ ಖುಷಿ.”

ಹಾಲು, ಮೊಸರು, ಅರ್ಧ ನಿಂಬೆಹಣ್ಣು ತೆಗೆದುಕೊಟ್ಟೆ. ಇಷ್ಟೇನಾ ಎಂದಳು. ಇಷ್ಟೇ ಎಂದೆ. ಮಗುವನ್ನು ನಾನು ಎತ್ತಿಕೊಂಡು ಅವಳ ಜೊತೆ ಕೆಳಗಿಳಿದು, ಬಾಗಿಲವರೆಗೆ ಬಿಟ್ಟು ಬಂದೆ.

ಮೇಲೆ ಬಂದು ಫ್ರಿಜ್ಜಿನ ಪ್ಲಗ್ಗು ಕಿತ್ತೆ. ಅದು ಒಮ್ಮೆ ಅದುರಿ ನಿಂತಿತು. ಅಡುಗೆಮನೆಯಲ್ಲಿ ಇಷ್ಟು ದಿನ ಒಂದು ಸದ್ದು ಇತ್ತು ಎಂಬುದು ಆಗ ತಿಳಿಯಿತು. ಈಗ ಮನೆಯಲ್ಲಿ ಉಸಿರಾಡುತ್ತಿದ್ದುದು ನಾನೊಬ್ಬಳೇ. ಫ್ರಿಜ್ಜಿನ ಬಾಗಿಲಿಗೆ ಒಂದು ಬಟ್ಟೆ ಸಿಕ್ಕಿಸಿ ತೆರೆದಿಟ್ಟೆ. ಮುಚ್ಚಿದರೆ ವಾಸನೆ ಕಟ್ಟುತ್ತದೆ.

ಬೆಳಿಗ್ಗೆ ಕಾಫಿಗೆ ಹಾಲು ಬೇಕೆಂದರೆ ಕೆಳಗೆ ಹೋಗಬೇಕು. ಬಾಗಿಲು ತಟ್ಟಬೇಕು. ಯಾರಾದರೂ ತೆರೆಯುವ ತನಕ ನಿಲ್ಲಬೇಕು. ಬರಿಯ ಕಾಫಿಯೇ ಸಾಕೇನೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ.