ಮಡಿಬಟ್ಟೆ

ಸವಣೂರಿನ ಆ ಖಾಸಗಿ ದವಾಖಾನೆಯಲ್ಲಿ ಗಾಯದ ಪಟ್ಟಿ ಕುದಿಸುವುದು, ಕಟ್ಟುವುದು ಗುತ್ತೆವ್ವನ ಕೆಲಸ. ಯುದ್ಧದ ಕಾಲ, ಹೊಸ ಬಟ್ಟೆ ಕಣ್ಣಿಗೂ ಬೀಳುತ್ತಿರಲಿಲ್ಲ. ಹಳೆಯದನ್ನೇ ಒಂದು ತಾಸು ಕುದಿಸಬೇಕು. ಕಾರ್ಬಾಲಿಕ್ ಸಾಬೂನಿನಲ್ಲಿ ತೊಳೆದೂ ತೊಳೆದೂ ಅವಳ ಕೈ ಬಿರುಕು ಬಿಟ್ಟಿತ್ತು.

ಹತ್ತಿಮತ್ತೂರಿನ ಜಮೀನುದಾರರ ಮಗ ನಾಗಪ್ಪನನ್ನು ತಂದಾಗ ಅವನ ಕರುಳು ತಿರುಚಿ ಒಂದು ಗೇಣು ಕಪ್ಪಾಗಿತ್ತು. ಡಾಕ್ಟರು ಅಷ್ಟನ್ನು ಕತ್ತರಿಸಿ ತೆಗೆದು ಹೊಲಿದರು.

"ಒಳಗಿನ ಹೊಲಸ ಸಾಕಷ್ಟೈತಿ, ಹೊರಗಿಂದು ಸೇರಬಾರದು. ನಾಕು ದಿನ ಯಾರೂ ಪಟ್ಟಿ ಬಿಚ್ಚಬ್ಯಾಡ್ರಿ. ಆಮ್ಯಾಲೆ ಗುತ್ತೆವ್ವ ಬಿಚ್ತಾಳ. ಮಾತು ಮೀರಿದ್ರ ಹುಡುಗ ಉಳಿಯೂದಿಲ್ಲ," ಎಂದು ಅವನ ತಾಯಿ ಸರೋಜವ್ವನಿಗೆ ಬಿಡಿಸಿ ಹೇಳಿದರು.

ಸರೋಜವ್ವ ತಲೆಯಾಡಿಸಿದಳು. ಆದರೆ ಗುತ್ತೆವ್ವ ಊರ ಹೊರಗಿನ ಕೇರಿಯವಳೆಂದು ತಿಳಿದ ಗಳಿಗೆಯಿಂದ ಆಕೆಯ ಮುಖ ಹರಳೆಣ್ಣೆ ಕುಡಿದಂತಾಗಿತ್ತು.

ಐದನೆಯ ದಿನ ನಾಗಪ್ಪನ ಮೈ ಕೆಂಡ. ಕೋಣೆಯಲ್ಲಿ ಸತ್ತ ಇಲಿಯ ನಾತ. ಗುತ್ತೆವ್ವ ಪಟ್ಟಿ ಬಿಚ್ಚಿದಳು. ಮೇಲಿನ ಸುತ್ತು ಅವಳೇ ಕುದಿಸಿ ಕಟ್ಟಿದ್ದು. ಒಳಗೆ, ಗಾಯಕ್ಕೆ ಅಂಟಿಕೊಂಡು, ಕೆಂಪು ಅಂಚಿನ ಧೋತರದ ಚೂರು. ಎಳೆದರೆ ಹಸಿರು ಕೀವು ಬಳಬಳ ಇಳಿಯಿತು.

"ಇದು ಯಾರ ಬಟ್ಟಿರಿ?"

"ನಮ್ಮನೀದು. ರಾತ್ರಿ ನಾನ ಬಿಚ್ಚಿ ಒಳಗ ಇಟ್ಟೆ," ಎಂದಳು ಸರೋಜವ್ವ, ಮೂಗಿಗೆ ಸೆರಗು ಒತ್ತಿಕೊಂಡು. "ಮಡೀಲೆ ತೊಳೆದು, ಯಾರೂ ಮುಟ್ಟಲಾರದಂಗ ಗಳದ ಮ್ಯಾಲೆ ಒಣಗಿಸಿದ್ದು. ನೀ ಮುಟ್ಟಿದ್ದು ನನ್ನ ಮಗನ ಹೊಟ್ಟಿಗೆ ಹತ್ತಬೇಕೇನು?"

"ಎಲ್ಲಿ ತೊಳೆದ್ರಿ?"

"ಎಲ್ಲಿ ಅಂದ್ರ? ನಮ್ಮೂರ ಕೆರ್ಯಾಗ."

ಆ ಕೆರೆ ಗುತ್ತೆವ್ವನಿಗೆ ಗೊತ್ತು, ಅವಳ ತವರೂ ಹತ್ತಿಮತ್ತೂರೇ. ಎಮ್ಮೆಗಳು ಅದರಲ್ಲಿ ಹೊರಳಿ, ಅಲ್ಲೇ ಸಗಣಿ ಹಾಕುತ್ತಿದ್ದವು. ಎಮ್ಮೆಗೆ ತಡೆಯಿರಲಿಲ್ಲ. ಅವಳ ಕೇರಿಯವರು ಇಳಿಯದಂತೆ ಮಾತ್ರ ಕಾವಲಿತ್ತು. ಕೀವಿಗೆ ಎಂದೂ ಹೇಸದ ಗುತ್ತೆವ್ವ ಈ ಮಡಿಯ ಚೂರನ್ನು ಇಕ್ಕಳದಲ್ಲಿ ಹಿಡಿದು ದೂರ ಎಸೆದಳು. ಹೇಸಿಗೆ, ಬರೀ ಹೇಸಿಗೆ.

ಡಾಕ್ಟರು ಹೊಲಿಗೆ ಬಿಚ್ಚಿ ಕೀವು ಹರಿಯಬಿಟ್ಟರು. ಸರೋಜವ್ವ ನಾತಕ್ಕೆ ಹೆದರಿ ಪಡಸಾಲೆ ಸೇರಿದಳು. ಹದಿನೆಂಟು ದಿನ, ದಿನಕ್ಕೆ ಎರಡು ಸಲ ಗಾಯ ತೊಳೆದವಳು ಗುತ್ತೆವ್ವ. ನಾಗಪ್ಪ ಎದ್ದು ಕುಳಿತು ಗಂಜಿ ಕುಡಿದ. ತಾಯಿ ಒಂದು ಒಳ್ಳೆಯ ಮಾತೂ ಆಡದೆ ಮಗನನ್ನು ಕರೆದುಕೊಂಡು ಹೋದಳು.

ತಿಂಗಳೊಪ್ಪತ್ತಿನಲ್ಲಿ ಅದೇ ಊರಿನಿಂದ ಇನ್ನೊಂದು ಕರುಳಿನ ಬೇನೆ ಬಂತು. ರೋಗಿಯ ಅಕ್ಕ ಹಾಲವ್ವನ ಬಗಲಲ್ಲಿ ಒಂದು ಗಂಟು.

"ಏನಿದು?" ಗುತ್ತೆವ್ವ ಕೇಳಿದಳು.

"ಮಡಿಬಟ್ಟಿ. ಕೆರ್ಯಾಗ ತೊಳದೇವಿ. ಸರೋಜವ್ವನ ಮಗ ಇದರಿಂದನ ಉಳದನಂತ, ಊರೆಲ್ಲಾ ಹೇಳ್ತಾಳ."

ಗುತ್ತೆವ್ವ ಗಂಟನ್ನು ಕಸಿದುಕೊಂಡಳು. ಹಾಲವ್ವ ಅಯ್ಯಯ್ಯೋ ಎನ್ನುತ್ತಿರುವಂತೆಯೇ ಒಂದೊಂದು ಚೂರನ್ನೂ ಬಿಡಿಸಿ, ಎರಡೂ ಕೈಯಿಂದ ಚೆನ್ನಾಗಿ ಮುಟ್ಟಿ ಮುಟ್ಟಿ, ಕೊತಕೊತ ಕುದಿಯುವ ನೀರಿಗೆ ಹಾಕಿದಳು.