ಒಬ್ಬರನ್ನೇ ಕಾಣಿಸುವ ಲೆನ್ಸು

ನನ್ನ ಲೆನ್ಸಿಗೆ ನಮ್ಮ ಭಾವ ಇಟ್ಟ ಹೆಸರು ‘ಮುಚ್ಚಳ’. ಐವತ್ತು ಎಂಎಂ, ಜೂಮ್ ಇಲ್ಲ, ಮೈಯೆಲ್ಲ ಪ್ಲಾಸ್ಟಿಕ್, ಅಂಗೈಯಲ್ಲಿಟ್ಟರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಮೊದಲ ಸಲ ಅದನ್ನು ಕೈಗೆತ್ತಿಕೊಂಡ ಭಾವ ತಿರುಗಿಸಿ ಮುರುಗಿಸಿ ನೋಡಿ, “ಇದ್ರಲ್ಲಿ ಉಪ್ಪಿನಕಾಯಿ ಡಬ್ಬ ಮುಚ್ಬೋದು ಕಣಮ್ಮ” ಅಂದರು. ಸ್ಟುಡಿಯೋದಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಕುಂಬಾರಕೊಪ್ಪಲಿನ ಆ ಫೋಟೋ ಸ್ಟುಡಿಯೋ ಶುರು ಮಾಡಿದವರು ನಮ್ಮ ಮಾವ ಪುಟ್ಟಸ್ವಾಮಿ. ಅವರು ಹೋದ ಮೇಲೆ ಹಿರಿಯ ಮಗ ರಾಜೇಶ್, ಅಂದರೆ ನಮ್ಮ ಭಾವ, ನಡೆಸುತ್ತಿದ್ದಾರೆ. ಮದುವೆಯಾಗಿ ಬಂದಾಗಿನಿಂದ ನನ್ನದು ಒಳಕೋಣೆ, ಕಂಪ್ಯೂಟರು, ಆಲ್ಬಮ್ಮು. ಭಾವ ತೆಗೆದ ಮುಖಗಳನ್ನು ಬೆಳ್ಳಗೆ ಮಾಡುವುದು, ಹಿಂದೆ ಗುಲಾಬಿ ಹೂವು ಅಂಟಿಸುವುದು. ಫೋಟೋ ತೆಗೆಯುವುದನ್ನು ನಾನು ಕಲಿತದ್ದು ಅವರ ತಪ್ಪುಗಳನ್ನು ತಿದ್ದುತ್ತ ತಿದ್ದುತ್ತಲೇ. ನಾನೂ ಕ್ಯಾಮೆರಾ ಹಿಡಿಯುತ್ತೇನೆ ಅಂದಾಗಲೆಲ್ಲ “ಹೆಣ್ಮಕ್ಳಿಗೆ ಯಾಕಮ್ಮ ಆ ಅಲೆದಾಟ” ಅನ್ನುವರು. ಒಳಗೆ ಕೂತು ಕಣ್ಣು ಕಳೆದುಕೊಳ್ಳುವುದಕ್ಕೆ ಮಾತ್ರ ಹೆಣ್ಣುಮಕ್ಕಳು ಆಗಬಹುದು, ನೋಡಿ.

ಲೆನ್ಸನ್ನು ನಾನೇನೂ ಕುರುಡಾಗಿ ಮೆಚ್ಚಿದವಳಲ್ಲ. ತಂದ ಮೇಲೆ ಭಾವ ಇಲ್ಲದಾಗ ಸ್ಟುಡಿಯೋ ಕ್ಯಾಮೆರಾಕ್ಕೆ ಹಾಕಿ ಮನೆಯಲ್ಲೇ ಅದನ್ನು ಚೆನ್ನಾಗಿ ಗೋಳುಹೊಯ್ದುಕೊಂಡು ನೋಡಿದೆ. ಫೋಕಸ್ ಮಾಡುವಾಗ ಕರ್ ಅನ್ನುತ್ತದೆ. ಮಬ್ಬಿನಲ್ಲಿ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತದೆ. ಬಿಸಿಲಿಗೆ ಎದುರು ಹಿಡಿದರೆ ಬಿಳಿ ಅಂಗಿಯ ಅಂಚಿಗೆ ನೇರಳೆ ಬಣ್ಣ ಬಳಿಯುತ್ತದೆ. ಆದರೆ ಅದರೊಳಗೆ ಬೆಳಕು ಬಿಡುವ ಕಿಂಡಿ ದೊಡ್ಡದು. ಪೂರ್ತಿ ತೆರೆದರೆ ಅಡುಗೆಮನೆಯ ಬಲ್ಬಿನ ಬೆಳಕೇ ಸಾಕು, ಫ್ಲ್ಯಾಶ್ ಬೇಡ. ಅಷ್ಟು ತೆರೆದಾಗ ಅದು ಒಬ್ಬರನ್ನೇ ಸ್ಪಷ್ಟವಾಗಿ ಕಾಣಿಸುತ್ತದೆ, ಅವರ ಮುಂದಿನವರು ಹಿಂದಿನವರು ಎಲ್ಲ ಮಸುಕು. ಎಲ್ಲರೂ ಕಾಣಬೇಕೆಂದರೆ ಕಿಂಡಿ ಕಿರಿದು ಮಾಡಬೇಕು, ಅದಕ್ಕೆ ಬೇಕಾದಷ್ಟು ಬೆಳಕಿರಬೇಕು. ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಬೆಟ್ಟಮ್ಮನ ಫೋಟೋ ತೆಗೆದು ತೋರಿಸಿದರೆ, “ಕಣ್ಣೇನೋ ಚೆಂದಾಗ್ ಬಂದದೆ, ನನ್ ಓಲೆ ಎಲ್ಲೋಯ್ತು?” ಅಂತ ಕೇಳಿದರು.

ಲಕ್ಷ್ಮೀಪುರಂನಿಂದ ಒಂದು ಸೀಮಂತಕ್ಕೆ ಕರೆ ಬಂತು. ಹೆಂಗಸರೇ ಫೋಟೋ ತೆಗೆಯಬೇಕು, ಫ್ಲ್ಯಾಶ್ ಹೊಡೆದರೆ ಹುಡುಗಿಗೆ ತಲೆಸುತ್ತು ಬರುತ್ತದೆ ಎಂದು ಅವರೇ ಹೇಳಿದರು. ಭಾವನಿಗೆ ಬೇರೆ ದಾರಿ ಇರಲಿಲ್ಲ. ಸ್ಟುಡಿಯೋ ಕ್ಯಾಮೆರಾವನ್ನು ನನ್ನ ಕೈಗೆ ಕೊಡುತ್ತ, “ಇದೊಂದು ನೆಟ್ಟಗೆ ಮಾಡ್ಕೊಂಡು ಬಾ, ಮುಂದಿನ ಫಂಕ್ಷನ್‌ಗಳಿಗೂ ಕಳಿಸ್ತೀನಿ. ಕೆಡಿಸ್ದೆ ಅಂದ್ರೆ ಮತ್ತೆ ಕೇಳ್ಬೇಡ, ಆಲ್ಬಮ್ ಮಾಡ್ಕೊಂಡು ಇದ್ಬುಡು” ಅಂದರು. ನಾನು ಒಪ್ಪಿ ನನ್ನ ‘ಮುಚ್ಚಳ’ ಲೆನ್ಸನ್ನೇ ಕ್ಯಾಮೆರಾಕ್ಕೆ ಹಾಕಿಕೊಂಡು ಹೊರಟೆ.

ಬಸುರಿ ಹುಡುಗಿಯ ಹೆಸರು ನಿಶ್ಚಿತಾ. ಹಳೇ ಮನೆಯ ನಡುಮನೆಯಲ್ಲಿ ಅವಳನ್ನು ಕೂರಿಸಿ ಮುತ್ತೈದೆಯರು ಸರದಿಯಂತೆ ಹಸಿರು ಬಳೆ ತೊಡಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಅವಳ ಅತ್ತೆ ಪ್ರೇಮಲೀಲಾ, ದೊಡ್ಡ ಜರಿಯ ಸೀರೆಯಲ್ಲಿ. “ನನ್ನ ಸರಿಯಾಗಿ ತಗೊಳ್ರೀ” ಎಂದು ಬಂದ ಗಳಿಗೆಯಿಂದ ಹೇಳುತ್ತಲೇ ಇದ್ದರು. ಅವರನ್ನು ಸರಿಯಾಗಿಯೇ ತೆಗೆದೆ, ಬೇಕಾದಷ್ಟು ತೆಗೆದೆ.

ಆಮೇಲೆ ಅಡುಗೆಮನೆ ಬಾಗಿಲಲ್ಲಿ ಸೋಮಮ್ಮ ಕಂಡರು. ನಿಶ್ಚಿತಾಳ ಹೆತ್ತ ತಾಯಿ. ಬಳೆ ತಂದವರು ಅವರು, ಒಳಗೆ ಬೇಯುತ್ತಿದ್ದ ಅಷ್ಟೂ ಅಡುಗೆ ಅವರದು. ಗಂಡ ತೀರಿಕೊಂಡಿದ್ದಾರೆ, ಅದಕ್ಕೇ ಶಾಸ್ತ್ರದ ಜಾಗಕ್ಕೆ ಬರುವ ಹಾಗಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಮುಂದೆ ಕೂತವರ ತಲೆಗಳ ಸಂದಿನಿಂದ ಮಗಳ ಕೈಯನ್ನೇ ನೋಡುತ್ತಿದ್ದರು. ಒಂದೊಂದು ಬಳೆ ಏರಿದಾಗಲೂ ಅವರ ತುಟಿ ಅಲುಗುತ್ತಿತ್ತು. ಆ ಹೆಂಗಸಿನ ಮುಖ ನೋಡಿ ನನಗೆ ಕೋಪ ಬಂತು. ಲೆನ್ಸಿನ ಕಿಂಡಿ ಪೂರ್ತಿ ತೆರೆದು ಬಾಗಿಲಿಗೆ ಫೋಕಸ್ ಮಾಡಿದೆ. ಕರ್ ಅಂತ ತಡಕಾಡಿ ಕೊನೆಗೆ ಸೋಮಮ್ಮನವರ ಕಣ್ಣ ಮೇಲೆ ನಿಂತಿತು. ಒತ್ತಿದೆ.

ನಿಶ್ಚಿತಾಳನ್ನು ತವರಿಗೆ ಕಳಿಸುವ ದಿನ ಫೋಟೋ ಆರಿಸಲು ಕರೆದರು. ಭಾವನೂ ಜೊತೆಗೆ ಬಂದರು, ಕ್ಯಾಮೆರಾ ನನ್ನ ಕುತ್ತಿಗೆಯಲ್ಲೇ ಇತ್ತು. ಮುಂದಿನ ವರಾಂಡದಲ್ಲಿ ಲ್ಯಾಪ್‌ಟಾಪ್ ಇಟ್ಟು ಒಂದೊಂದೇ ತೋರಿಸಿದೆ. ಪ್ರೇಮಲೀಲಾ ತಲೆದೂಗುತ್ತಿದ್ದರು. ಮಗಳನ್ನು ಕರೆದೊಯ್ಯಲು ಬಂದಿದ್ದ ಸೋಮಮ್ಮ ಬಾಗಿಲ ಬಳಿ ಬ್ಯಾಗು ಹಿಡಿದು ನಿಂತಿದ್ದರು. ಆಗ ಆ ಫೋಟೋ ಬಂತು. ಜರಿಸೀರೆ, ಹೂವು, ಮುತ್ತೈದೆಯರು ಎಲ್ಲ ಬಣ್ಣ ಬಣ್ಣದ ಮಸುಕು. ದೂರದ ಬಾಗಿಲಲ್ಲಿ ಸೋಮಮ್ಮ ಒಬ್ಬರೇ, ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟ.

“ಇದೇನ್ರೀ ಇದು? ನಾನು ಬಳೆ ಹಾಕ್ತಾ ಇದೀನಿ, ನನ್ನ ಮುಖಾನೇ ಇಲ್ವಲ್ಲ!” ಪ್ರೇಮಲೀಲಾ ಕೂಗಿದರು. “ಹಿರೀರನ್ನ ಹಿಂಗಾ ಅಳಿಸಿ ಹಾಕೋದು?”

ಭಾವ ತಕ್ಷಣ ಬಾಯಿ ಹಾಕಿದರು. “ತಪ್ಪು ತಿಳ್ಕೋಬೇಡಿ ಅಮ್ಮ. ಕಮ್ಮಿ ರೇಟಿನ ಲೆನ್ಸು, ಫೋಕಸ್ಸು ತಪ್ಪಿ ಹಿಂದಕ್ಕೆ ಹೋಗ್ಬುಟ್ಟಿದೆ. ಅಲ್ವಾ ಮಾನಸ?” ನನ್ನತ್ತ ತಿರುಗಿ ಕಣ್ಣಲ್ಲೇ ಹೂಂ ಅನ್ನು ಎಂದರು.

ನಿಜ ಹೇಳಬೇಕೆಂದರೆ ಅವರು ನನ್ನನ್ನು ಉಳಿಸುತ್ತಿದ್ದರು. ಹೂಂ ಅಂದಿದ್ದರೆ ತಪ್ಪು ಪ್ಲಾಸ್ಟಿಕ್ ಲೆನ್ಸಿನ ತಲೆಗೆ ಹೋಗುತ್ತಿತ್ತು, ಮುಂದಿನ ಫಂಕ್ಷನ್‌ಗೆ ನನ್ನ ಹೆಸರು ಉಳಿಯುತ್ತಿತ್ತು. ಒಂದು ಗಳಿಗೆ ಆಸೆಯಾಯಿತು. ಆದರೆ ಆ ಬಡಪಾಯಿ ಲೆನ್ಸು ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

“ಲೆನ್ಸ್ ಸರಿಯಾಗೇ ಇದೆ ಭಾವ” ಅಂದೆ. “ನಾನೇ ಅವರಿಗೆ ಫೋಕಸ್ ಮಾಡಿದ್ದು. ಬೇಕು ಅಂತಲೇ.”

ಭಾವನ ಮುಖ ಕೆಂಪಗಾಯಿತು. “ಹಂಗಾದ್ರೆ ಇದೇ ಕೊನೆ, ನೀನು ಒಳಗೇ ಇದ್ಬುಡು” ಎಂದು ನನ್ನ ಕುತ್ತಿಗೆಯಿಂದ ಕ್ಯಾಮೆರಾ ತೆಗೆದು ತಮ್ಮ ಕುತ್ತಿಗೆಗೆ ಹಾಕಿಕೊಂಡರು. “ನೀವು ಬಳೆ ಹಾಕೋ ಹಂಗೆ ಕೂತ್ಕೊಳ್ಳಿ, ಈಗ್ಲೇ ಇನ್ನೊಂದು ತೆಗೀತೀನಿ ಅಮ್ಮ, ಎಲ್ರೂ ಕ್ಲಿಯರ್ ಆಗಿ ಬರೋ ಹಂಗೆ.”

“ಹೂಂ, ಎಲ್ರೂ ಕಾಣ್ಬೇಕು” ಎಂದು ಪ್ರೇಮಲೀಲಾ ಸೊಸೆಯ ಪಕ್ಕ ಕೂತು ಸೆರಗು ಸರಿ ಮಾಡಿಕೊಂಡರು.

“ಎಲ್ರೂ ಅಂದ್ರೆ ಸೋಮಮ್ಮನೋರೂ ತಾನೇ?” ನಾನು ಸುಮ್ಮನಿರಲಿಲ್ಲ. “ಹಗಲು ಬೆಳಕಿದೆ, ಕಿಂಡಿ ಕಿರಿದು ಮಾಡಿದ್ರೆ ಆ ಬಾಗಿಲವರೆಗೂ ಎಲ್ಲರ ಮುಖಾನೂ ಕಾಣುತ್ತೆ.”

“ಅವರು ಹೆಂಗೆ ಬರ್ತಾರ್ರೀ? ಬಳೆ ಶಾಸ್ತ್ರದಲ್ಲಿ ಅವರು ಬರೋ ಹಂಗಿಲ್ಲ ಅಂತ ನಿಮಗೆ ಗೊತ್ತಿಲ್ವಾ?” ಪ್ರೇಮಲೀಲಾ ಕೇಳಿದರು. ಸೋಮಮ್ಮ ಆಗಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು. “ಬೇಡ ಕಣಮ್ಮ, ನೀವು ತಕ್ಕೊಳ್ಳಿ, ನಂಗ್ಯಾಕೆ” ಅಂದರು.

ಇಷ್ಟು ಹೊತ್ತೂ ಲ್ಯಾಪ್‌ಟಾಪಿನ ಫೋಟೋವನ್ನೇ ನೋಡುತ್ತ ಕೂತಿದ್ದ ನಿಶ್ಚಿತಾ ತಲೆ ಎತ್ತಿದಳು. ಎಡಗೈಯಲ್ಲಿ ಸ್ವಲ್ಪ ಸಡಿಲವಿದ್ದ ಒಂದು ಹಸಿರು ಬಳೆಯನ್ನು ಹಿಡಿದು ಎಳೆದು ಕೈಯಿಂದ ತೆಗೆದೇಬಿಟ್ಟಳು.

“ಅಯ್ಯೋ! ಏನೇ ಮಾಡ್ದೆ ನೀನು?” ಪ್ರೇಮಲೀಲಾ ಎದ್ದು ನಿಂತರು. ಸೀಮಂತದ ಬಳೆಯನ್ನು ಹೆರಿಗೆಗೆ ಮುಂಚೆ ಯಾರೂ ಕೈಯಿಂದ ತೆಗೆಯುವುದಿಲ್ಲ. ಒಡೆದರೂ ಗಾಬರಿಯಾಗುತ್ತಾರೆ. “ಕೊಡಿಲ್ಲಿ, ಮೊದ್ಲು ಹಾಕ್ತೀನಿ!”

ನಿಶ್ಚಿತಾ ಮುಷ್ಟಿ ಬಿಗಿ ಮಾಡಿದಳು. “ಅಮ್ಮ ಹಾಕಿದ್ರೆ ಹಾಕಿಸ್ಕೋತೀನಿ ಅತ್ತೆ. ಬೇರೆ ಯಾರು ಬಂದ್ರೂ ಕೈ ಕೊಡಲ್ಲ.”

ಅತ್ತೆ ಗದರಿದರು, ಬೇಡಿಕೊಂಡರು, ಹೊಟ್ಟೆಯಲ್ಲಿರುವ ಕೂಸಿನ ಹೆಸರು ಹೇಳಿದರು. ಹುಡುಗಿ ಜಪ್ಪಯ್ಯ ಅಂದರೂ ಮುಷ್ಟಿ ಬಿಡಿಸಲಿಲ್ಲ. ಮೊಮ್ಮಗುವಿಗೆ ಏನಾದರೂ ಆದೀತೆಂಬ ಭಯ ಅವರ ಮುಖದಲ್ಲಿ ನಿಜವಾಗಿಯೂ ಇತ್ತು, ಅದನ್ನು ನಾನು ಸುಳ್ಳು ಅನ್ನಲಾರೆ. ಕೊನೆಗೆ ಬಾಗಿಲ ಕಡೆ ತಿರುಗಿ ಅವರೇ ಕಿರುಚಿದರು:

“ಏನ್ ನೋಡ್ತಾ ನಿಂತಿದೀರಾ ಬೀಗರೇ? ಬನ್ರೀ! ಬೇಗ ಬಂದು ಹಾಕ್ರೀ ಅದನ್ನ!”

ಸೋಮಮ್ಮನ ಕೈಯಿಂದ ಬ್ಯಾಗು ಜಾರಿ ಬಿತ್ತು. ಬಂದು ಮಗಳ ಮುಂದೆ ಮಂಡಿಯೂರಿ ಕೂತು ಅವಳ ಬೆರಳುಗಳನ್ನು ಒಟ್ಟುಗೂಡಿಸಿ ಹಿಡಿದರು. ನಾನು ಭಾವನನ್ನು ನೋಡಿದೆ. ಅವರು ಕ್ಯಾಮೆರಾ ಇಳಿಬಿಟ್ಟು ಪ್ರೇಮಲೀಲಾ ಅವರ ಅಪ್ಪಣೆಗೆ ಕಾಯುತ್ತ ನಿಂತಿದ್ದರು.

“ತೆಗೀರಿ ಭಾವ!”

“ಸುಮ್ನಿರು ಮಾನಸ. ಅವರು ತೆಗೀರಿ ಅಂತ ಹೇಳಿಲ್ಲ.”

“ಹಂಗಾದ್ರೆ ಕೊಡಿ.”

ಅವರು ಕೊಡಲಿಲ್ಲ. ಬಳೆ ಬೆರಳ ಗೆಣ್ಣು ದಾಟುತ್ತಿತ್ತು. ನಾನೇ ಕ್ಯಾಮೆರಾದ ಪಟ್ಟಿ ಹಿಡಿದು ಅವರ ತಲೆಯ ಮೇಲಿಂದ ಎತ್ತಿ ತೆಗೆದುಕೊಂಡೆ, ಕಿಂಡಿ ಕಿರಿದು ಮಾಡಿದೆ, ವರಾಂಡದ ಮೆಟ್ಟಿಲು ಇಳಿದು ಅಂಗಳದಲ್ಲಿ ನಿಂತು ಒತ್ತಿದೆ. ತಾಯಿ, ಮಗಳು, ಬಾಯಿ ತೆರೆದುಕೊಂಡು ನಿಂತ ಪ್ರೇಮಲೀಲಾ, ಹಿಂದೆ ಕೈ ಬರಿದಾಗಿ ನಿಂತ ನಮ್ಮ ಭಾವ, ಒಬ್ಬರೂ ಮಸುಕಾಗದೆ ಬಂದರು.

ಭಾವ ಮೆಟ್ಟಿಲಿಳಿದು ಬಂದು ಕೈ ಚಾಚಿದರು. ನಾನು ಕ್ಯಾಮೆರಾದ ಪಟ್ಟಿಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡೆ, ವಾಪಸ್ ಕೊಡಲಿಲ್ಲ.